ಮೂರು ನುಡಿಗೆ ನಿಂತ ಹಾಡು

ನಮ್ಮಕ್ಕ ಹಾಡು ಕಟ್ಟುತ್ತಿದ್ದಳು. ಕಟ್ಟುತ್ತಿದ್ದಳು ಅಂದರೆ ಬರೆಯುತ್ತಿದ್ದಳು ಅಂತಲ್ಲ. ಐದನೇ ಇಯತ್ತೆಗೆ ಶಾಲೆ ಬಿಟ್ಟವಳು, ಬರೆಯಲು ಬರುತ್ತಿದ್ದರೂ ಹಾಡನ್ನು ಕಾಗದದ ಮೇಲೆ ಇಟ್ಟಿದ್ದು ನಾನು ಕಂಡಿಲ್ಲ. ತೆಂಗಿನಗರಿ ಸೀಳುತ್ತಲೋ, ಬಟ್ಟೆ ಹಿಂಡುತ್ತಲೋ ಒಂದು ಸಾಲು ಬಾಯಿಗೆ ಬರುತ್ತಿತ್ತು. ಅದನ್ನೇ ಹತ್ತು ಸಲ ಅಂದುಕೊಳ್ಳುವುದರಲ್ಲಿ ಎರಡನೆಯ ಸಾಲು ಬಂದು ಕೂಡುತ್ತಿತ್ತು. ಹೊಸದುರ್ಗದ ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಮದುವೆ, ಸೀಮಂತ, ತೊಟ್ಟಿಲು ಇದ್ದರೂ ಅವಳನ್ನು ಕರೆಯುತ್ತಿದ್ದರು. ಜೊತೆಗೆ ಅವಳ ಸಾಲನ್ನು ಮತ್ತೆ ಹೇಳಿ ಸೊಲ್ಲು ಹಿಡಿಯಲು ಮೂರ್ನಾಲ್ಕು ಹೆಂಗಸರು. ಅವಳು ಮೊದಲ ಸಾಲು ಎತ್ತಿಕೊಂಡರೆ ಅಡಿಗೆ ಮನೆಯ ಗಲಾಟೆಯೂ ಒಂದು ಗಳಿಗೆ ತಗ್ಗುತ್ತಿತ್ತು. ದಪ್ಪನೆಯ ದನಿ ಅವಳದು. ಸಿಹಿ ದನಿ ಅನ್ನುವಂಥದ್ದಲ್ಲ. ಕೇಳುವಾಗ ಯಾರೋ ಬೆನ್ನ ಮೇಲೆ ಕೈ ಇಟ್ಟ ಹಾಗೆ ಆಗುತ್ತಿತ್ತು.

ನನಗಿಂತ ಆರು ವರ್ಷಕ್ಕೆ ಹಿರಿಯಳು. ಅಪ್ಪ ತೀರಿಕೊಂಡಾಗ ಅವ್ವ ಹಾಸಿಗೆ ಹಿಡಿದಳು, ಅಕ್ಕ ಒಲೆ ಹಿಡಿದಳು. ಅವಳು ಬಿಟ್ಟ ಶಾಲೆಗೆ ನಾನು ಹೋದೆ. ಅವಳ ಗಂಡನೂ ನಮ್ಮ ಮನೆಗೇ ಬಂದು ನೆಲೆಸಿದ. ಟೈರಿನ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ, ಮಾತು ಕಡಿಮೆಯ ಒಳ್ಳೆಯ ಮನುಷ್ಯ. ಅವರಿಗೆ ಮಕ್ಕಳಾಗಲಿಲ್ಲ. ನಾನು ಓದಿ ಟೀಚರ್ ಆದೆ. ಹೊಳಲ್ಕೆರೆಯ ಕಾಲೇಜೊಂದರಲ್ಲಿ ಪಾಠ ಹೇಳುವವರ ಜೊತೆ ನನ್ನ ಮದುವೆ ಗೊತ್ತಾಯಿತು.

ಮದುವೆಗೆ ಒಂದು ತಿಂಗಳಿರುವಾಗಿನಿಂದ ಅಕ್ಕ ಏನನ್ನೋ ಗುನುಗುತ್ತಿದ್ದಳು. ನಾನು ಹತ್ತಿರ ಹೋದರೆ ಸುಮ್ಮನಾಗುವಳು. ಅರಿಶಿಣದ ದಿನ ಬೆಳಿಗ್ಗೆ ಅವ್ವ ನನ್ನ ಕಿವಿಯಲ್ಲಿ ಹೇಳಿದಳು, ನಿನಗೋಸ್ಕರ ಒಂದು ಹಾಡು ಕಟ್ಟಿದ್ದಾಳೆ, ಐದು ನುಡಿ ಐತೆ, ಗೊತ್ತಿಲ್ಲದ ಹಾಗೆ ಇರು ಅಂತ. ಒಬ್ಬರ ಹೆಸರಿಗೇ ಅಂತ ಅಕ್ಕ ಹಾಡು ಕಟ್ಟಿದ್ದು ಅದೊಂದೇ.

ಛತ್ರದ ಹಿಂದಿನ ಹಾಲಿನಲ್ಲಿ ಶಾಸ್ತ್ರ. ಮಣೆಯ ಮೇಲೆ ನನ್ನನ್ನು ಕೂರಿಸಿ, ಅಕ್ಕನೇ ಮೊದಲು ಅರಿಶಿಣ ಹಚ್ಚಿದಳು. ಹಚ್ಚುತ್ತಲೇ ಎತ್ತಿಕೊಂಡಳು:

*ಜಡೆಯ ಹೆಣೆದ ಕೈಯೇ ಅರಿಶಿಣ ಹಚ್ಚೈತೆ*
*ಅಳಬ್ಯಾಡ ತಂಗಿ, ಕಣ್ಣಿಗಿಳಿದಾತು.*

ಎಲ್ಲರೂ ನಕ್ಕರು, ನಾನೂ ನಕ್ಕೆ. ಎರಡನೆಯ ನುಡಿ ಇನ್ನೂ ಹಗುರ:

*ಹೊಳಲ್ಕೆರೆಯಂಬೋದು ಹೊರದೇಶವಲ್ಲ*
*ತೂಕಡಿಕೆ ಬರೋದ್ರೊಳಗೆ ಬಸ್ಸು ಬಂದೀತು.*

ಅಷ್ಟು ಹೊತ್ತಿಗೆ ಗಂಡಿನ ಕಡೆಯವರು ಬಂದು ಬಾಗಿಲ ಹತ್ತಿರ ನಿಂತಿದ್ದರು. ನನ್ನ ಗಂಡನಾಗುವವರ ಜೊತೆ ಕೆಲಸ ಮಾಡುವ ಹೆಂಗಸರು, ಅವರ ಅತ್ತಿಗೆ, ಇನ್ನೂ ಯಾರ್ಯಾರೋ. ಅವರನ್ನು ನೋಡಿ ನನ್ನ ಬೆನ್ನು ಸೆಟೆಯಿತು. ಅಕ್ಕ ಬಾಗಿಲ ಕಡೆ ನೋಡಲೇ ಇಲ್ಲ. ಮೂರನೆಯ ನುಡಿ ಹಾಡಿದಳು:

*ನಾ ಬಿಟ್ಟ ಲಂಗ ನೀನುಟ್ಟೆ, ನಾ ಬಿಟ್ಟ ಸಾಲೆ ನೀ ಕಲಿತೆ*
*ನಾ ಬಿಡದ ಮನೆಯನ್ನ ನೀ ಬಿಟ್ಟು ಹೊಂಟೀಯ.*

ಬಾಗಿಲಲ್ಲಿ ಒಬ್ಬಾಕೆ ಪಕ್ಕದವಳಿಗೆ "ಹಳೇ ಲಂಗ ಅಂತೆ" ಅಂದದ್ದು ನನಗೆ ಕೇಳಿಸಿತು. ಬೇರೆ ಯಾರಿಗೂ ಕೇಳಿಸಿರಲಿಕ್ಕಿಲ್ಲ. ಇಬ್ಬರೂ ಸಣ್ಣಗೆ ನಕ್ಕರು. ಅದು ಕೆಟ್ಟ ನಗುವೂ ಆಗಿರಲಿಲ್ಲ ಅಂತ ಈಗ ಅನಿಸುತ್ತದೆ. ಆದರೆ ಆ ಹೊತ್ತಿಗೆ ಬಿ.ಎಡ್. ಮಾಡಿದ್ದ, ಇಸ್ತ್ರಿ ಮಾಡಿದ ಕಾಟನ್ ಸೀರೆ ಉಟ್ಟು ಶಾಲೆಗೆ ಹೋಗುತ್ತಿದ್ದ ನನಗೆ, ಅಕ್ಕನ ಹಳೇ ಲಂಗ ಉಟ್ಟು ಬೆಳೆದವಳು ಅನ್ನುವುದನ್ನು ಬೀಗರೆಲ್ಲರ ಮುಂದೆ ತೆರೆದಿಟ್ಟ ಹಾಗಾಯಿತು. ಅವಳು ನಾಲ್ಕನೆಯದಕ್ಕೆ ಉಸಿರು ಎಳೆದುಕೊಳ್ಳುತ್ತಿದ್ದಳು. ನಾನು ಅರಿಶಿಣದ ಕೈಯಲ್ಲೇ ಅವಳ ಸೆರಗು ಜಗ್ಗಿ, ಹಲ್ಲು ಕಚ್ಚಿಕೊಂಡು ಹೇಳಿದೆ:

"ಸಾಕು, ನಿಲ್ಸು. ಮಾನ ಕಳೀಬ್ಯಾಡ."

ಅಕ್ಕ ನನ್ನ ಮುಖ ನೋಡಿದಳು. ಆಮೇಲೆ ಬಾಗಿಲ ಕಡೆ ನೋಡಿದಳು, ಅವಳಿಗೆ ಅರ್ಥವಾಯಿತು. ಸೊಲ್ಲು ಹಿಡಿದಿದ್ದ ಹೆಂಗಸರ ಕಡೆ ತಿರುಗಿ "ಆರತಿ ತರ್ರಿ" ಅಂದಳು, ಹಾಡು ಮುಗಿಯುವುದೇ ಅಲ್ಲಿಗೆ ಅನ್ನುವ ಹಾಗೆ. ಬೀಗರಿಗೆ ಬರ್ರಿ, ಕುಂತ್ಕಳ್ರಿ ಅಂತ ಉಪಚಾರ ಮಾಡಿದಳು. ಆ ದಿನವೆಲ್ಲ ಓಡಾಡಿಕೊಂಡೇ ಇದ್ದಳು, ಸೆರಗಿನ ಮೇಲೆ ನನ್ನ ಐದು ಬೆರಳಿನ ಅರಿಶಿಣ ಹಾಗೇ ಇತ್ತು. ಮದುವೆ ಮುಗಿದು ನನ್ನನ್ನು ಕಳಿಸುವಾಗ ಅತ್ತಳು, ಹಾಡಲಿಲ್ಲ.

ನಾನು ಅದರ ಬಗ್ಗೆ ಕ್ಷಮೆ ಕೇಳಲಿಲ್ಲ. ಕೇಳುವಂಥದ್ದು ಏನೋ ಆಗಿದೆ ಅಂತಲೇ ಆಗ ಹೊಳೆದಿರಲಿಲ್ಲ.

ಹೊಳಲ್ಕೆರೆಯ ಮನೆಯಲ್ಲಿ ಯಾರೂ ನನ್ನನ್ನು ಕೆಟ್ಟದಾಗಿ ನೋಡಿಕೊಳ್ಳಲಿಲ್ಲ. ಅತ್ತೆಯವರಿಗೆ ನಾನು ಟೀಚರ್ ಅನ್ನುವುದು ಹೆಮ್ಮೆಯೇ ಆಗಿತ್ತು. ಒಂದು ವರ್ಷಕ್ಕೆ ಬಸುರಾದೆ. ಹೆರಿಗೆ ಕಷ್ಟವಾಗಿ ಚಿತ್ರದುರ್ಗದ ಆಸ್ಪತ್ರೆಗೆ ಸೇರಿಸಿದರು. ಗಂಡು ಮಗು. ಮೂರು ದಿನ ಇತ್ತು. ಮೂರನೆಯ ದಿನ ಮಧ್ಯಾಹ್ನ ನನ್ನ ಗಂಡ ಬಂದು ಮಂಚದ ಪಕ್ಕ ನಿಂತರು. ಕೂಸಿನ ಬಟ್ಟೆಯ ಗಂಟು ಅವರ ಕೈಯಲ್ಲಿತ್ತು, ತಿಳಿಯಿತು.

ಅಕ್ಕ ಬಂದು ನನ್ನ ಜೊತೆ ವಾರ್ಡಿನಲ್ಲಿ ಉಳಿದಳು. ಹಾಲು ಕಟ್ಟಿಕೊಂಡು ಎದೆ ಕಲ್ಲಾಗಿತ್ತು, ಜ್ವರ ಬಂದಿತ್ತು. ಒದ್ದೆ ಬಟ್ಟೆ ಇಡುವುದು, ತಲೆ ಬಾಚುವುದು, ಗೋಡೆ ಕಡೆ ತಿರುಗಿ ಮಲಗಿದವಳನ್ನು ಹೊರಳಿಸಿ ಗಂಜಿ ಕುಡಿಸುವುದು ಎಲ್ಲವನ್ನೂ ಮಾಡಿದಳು. ಸುತ್ತ ಮಂಚಗಳಲ್ಲಿ ಕೂಸುಗಳ ಅಳು. ಅದನ್ನು ಕೇಳಲಾರದೆ ನಾನು ಕಿವಿಗೆ ದಿಂಬು ಒತ್ತಿಕೊಂಡಿದ್ದೆ. ದಿಂಬು ತೆಗೆದು ಅಕ್ಕನಿಗೆ ಹೇಳಿದೆ, ಆ ಹಾಡು ಹೇಳು, ನನ್ನ ಮದುವೆಯದು, ಅಂತ. ಯಾಕೆ ಅದೇ ಬೇಕೆನಿಸಿತೋ ಗೊತ್ತಿಲ್ಲ. ಯಾರೋ ನನ್ನನ್ನೇ ಕುರಿತು ಏನಾದರೂ ಹೇಳಬೇಕಾಗಿತ್ತು.

ಅವಳು ನನ್ನ ಕಿವಿಗೆ ಬಾಯಿ ಹತ್ತಿರ ತಂದು ಹಾಡಿದಳು. ಪಿಸುಮಾತಿಗಿಂತ ಸ್ವಲ್ಪ ಮೇಲೆ. ಅಳಬ್ಯಾಡ ತಂಗಿ ಅನ್ನುವಲ್ಲಿ, ಮಗು ಹೋದ ಮೇಲೆ ಮೊದಲ ಸಲ ಅಳು ಬಂತು. ಬಸ್ಸಿನ ನುಡಿ ಬಂತು. ಲಂಗದ ನುಡಿ ಬಂತು. ಅಲ್ಲಿಗೆ ಸುಮ್ಮನಾದಳು. ನಾನು ಕಾದೆ.

"ಮುಂದೆ?" ಅಂದೆ.

"ಇಷ್ಟೇ ಕಣೆ ಇರೋದು" ಅಂದಳು.

ಐದು ಅಂತ ಅವ್ವ ಹೇಳಿದ್ದು ನನಗೆ ನೆನಪಿತ್ತು. ಆದರೆ ಕೇಳಲು ಬಾಯಿ ಬರಲಿಲ್ಲ. ಎಲ್ಲಿ ನಿಲ್ಲಿಸಿದೆನೋ ಅಲ್ಲೇ ನಿಲ್ಲಿಸಿಕೊಂಡಿದ್ದಾಳೆ ಅನ್ನುವುದು ಆ ಮಂಚದ ಮೇಲೆ ನನಗೆ ಗೊತ್ತಾಯಿತು. ಅವಳ ದನಿಯಲ್ಲಾಗಲಿ ಮುಖದಲ್ಲಾಗಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಜಗಳ ಮಾಡಿ ಉಳಿದದ್ದನ್ನು ಹೇಳಿಸಬಹುದಿತ್ತು.

ಅಲ್ಲಿಂದ ಆ ಹಾಡು ನನ್ನದಾಯಿತು. ಮತ್ತೆ ಬಸುರಾಗಿ ಮಗಳು ಹುಟ್ಟುವವರೆಗಿನ ನಾಲ್ಕು ವರ್ಷ, ಅಡಿಗೆ ಮಾಡುವಾಗ, ಶಾಲೆಗೆ ನಡೆಯುವಾಗ, ಉತ್ತರ ಪತ್ರಿಕೆ ತಿದ್ದುವಾಗ ಅದು ಬಾಯಲ್ಲಿ ಇದ್ದೇ ಇತ್ತು. ನನಗೆ ದನಿ ಇಲ್ಲ, ರಾಗವೂ ಸರಿಯಿಲ್ಲ. ಆದರೂ ಅದನ್ನು ಅಂದುಕೊಳ್ಳುವಾಗ ನನ್ನ ಜಡೆ ಹೆಣೆದವರು ಒಬ್ಬರಿದ್ದಾರೆ ಅನ್ನುವುದು ಖಾತ್ರಿಯಾಗುತ್ತಿತ್ತು. ಲಂಗದ ನುಡಿ ಈಗ ಹೆಮ್ಮೆಯದಾಗಿತ್ತು. ಆ ಹೆಮ್ಮೆಯನ್ನು ಅಕ್ಕನಿಗೆ ಒಂದು ದಿನ ಹೇಳಬೇಕು, ಹೇಳಿ ಉಳಿದೆರಡು ನುಡಿಗಳನ್ನು ಕೇಳಬೇಕು ಅಂದುಕೊಳ್ಳುತ್ತಿದ್ದೆ. ಹಬ್ಬಕ್ಕೆ ಹೋದಾಗ ಕೇಳೋಣ, ಬೇಸಿಗೆ ರಜೆಯಲ್ಲಿ ಕೇಳೋಣ ಅಂತ. ಹೋದಾಗ ಮನೆ ತುಂಬ ಜನ. ಇಲ್ಲವೇ ಅವ್ವನಿಗೆ ಹುಷಾರಿಲ್ಲ. ಇಲ್ಲವೇ ನನಗೇ ನಾಚಿಕೆ. ಹೊಸದುರ್ಗ ದೂರದ ಊರಾಗಿದ್ದರೆ ಕೇಳಿಬಿಡುತ್ತಿದ್ದೆನೋ ಏನೋ. ಯಾವಾಗ ಬೇಕಾದರೂ ಹೋಗಬಹುದು ಅನ್ನುವಷ್ಟು ಹತ್ತಿರ ಇದ್ದುದರಿಂದ ವರ್ಷಗಳು ಹೋದವು. ಅವ್ವನೂ ಹೋದಳು.

ನಾಲ್ಕು ವರ್ಷದ ಹಿಂದೆ ಹಿರಿಯೂರಿನಲ್ಲಿ ನೆಂಟರ ಮನೆಯ ಮದುವೆ. ಅಕ್ಕನನ್ನು ಹಾಡಲು ಕೂರಿಸಿದರು. ಎರಡನೆಯ ಹಾಡಿಗೆ ದನಿ ಒಡೆಯಿತು. ಕೆಮ್ಮಿ, ನೀರು ಕುಡಿದು, ಮತ್ತೆ ಎತ್ತಿಕೊಂಡಳು. ಮತ್ತೆ ಒಡೆಯಿತು. ಮಗ್ಗುಲಿದ್ದ ಹೆಂಗಸು ಮುಂದುವರಿಸಿದಳು. ಆಮೇಲೆ ಅಕ್ಕ ಫೋನು ಮಾಡಿದಾಗಲೆಲ್ಲ ದನಿ ಗೊರಗೊರ ಅನ್ನುತ್ತಿತ್ತು. ಶೀತ ಬಿಡವಲ್ದು ಅನ್ನುತ್ತಿದ್ದಳು. ಉಪ್ಪು ಹಾಕಿದ ಬಿಸಿನೀರಲ್ಲಿ ಗಂಟಲು ತೊಳಿ, ಎಲೆಅಡಿಕೆ ಹೊಗೆಸೊಪ್ಪು ಕಡಿಮೆ ಮಾಡು ಅಂತ ನಾನು ಟೀಚರ್ ಹಾಗೆ ಹೇಳುತ್ತಿದ್ದೆ. ಆರು ತಿಂಗಳು ಹಾಗೆ ಹೇಳಿದೆ. ನನ್ನ ತರಗತಿಯಲ್ಲಿ ಒಂದು ಮಗು ಎರಡು ವಾರ ಕೆಮ್ಮಿದರೆ ತಂದೆತಾಯಿಯನ್ನು ಕರೆಸಿ ಡಾಕ್ಟರ ಹತ್ತಿರ ಕಳಿಸುವವಳು ನಾನು.

ಚಿತ್ರದುರ್ಗದಲ್ಲಿ ತೋರಿಸಿದಾಗ ಡಾಕ್ಟರು ಕೂಡಲೇ ಬೆಂಗಳೂರಿಗೆ ಬರೆದುಕೊಟ್ಟರು. ಅಲ್ಲಿ ನೋಡಿದವರು ಧ್ವನಿಪೆಟ್ಟಿಗೆಯಲ್ಲಿ ಗಡ್ಡೆ ಇದೆ, ತಡವಾಗಿದೆ, ಪೆಟ್ಟಿಗೆಯನ್ನೇ ತೆಗೆಯಬೇಕು ಅಂದರು. ಉಸಿರಾಡಲು ಕತ್ತಿನಲ್ಲಿ ರಂಧ್ರ ಮಾಡುತ್ತಾರೆ, ಮಾತು ಹೋಗುತ್ತದೆ, ಜೀವ ಉಳಿಯಬಹುದು. ಇಷ್ಟನ್ನೂ ನಾನೇ ಅಕ್ಕನಿಗೆ ವಿವರಿಸಬೇಕಾಯಿತು. ಕೇಳಿ ಅವಳು ತನ್ನ ಗಂಡನಿಗೆ ಊಟದ ವ್ಯವಸ್ಥೆ ಯಾರು ಮಾಡುತ್ತಾರೆ ಅಂತ ವಿಚಾರಿಸಿದಳು.

ಆಪರೇಷನ್ನಿನ ಹಿಂದಿನ ದಿನ ಮಧ್ಯಾಹ್ನ ನಾವಿಬ್ಬರೇ ಇದ್ದೆವು. ಕಿಟಕಿಯಲ್ಲಿ ಬಿಸಿಲು. ದನಿ ಗೊರಗುಟ್ಟುತ್ತಿದ್ದರೂ ಇತ್ತು. ನನ್ನ ಕೈಯಲ್ಲಿ ಮೊಬೈಲು. ಹಾಡು ಅಕ್ಕ, ಐದೂ ಹಾಡು, ಹ್ಯಾಗೆ ಬಂದರೆ ಹಾಗೆ ಹಾಡು ಅನ್ನಬೇಕೆಂದಿದ್ದೆ. ಅದನ್ನು ಅಂದರೆ, ನಾಳೆಯಿಂದ ನೀನು ಹಾಡುವುದಿಲ್ಲ ಅಂತ ಅವಳ ಮುಖಕ್ಕೆ ಹೇಳಿದ ಹಾಗೆ. ಅದನ್ನು ಹೇಳಲು ನನ್ನಿಂದ ಆಗಲಿಲ್ಲ. ಮೊಸರನ್ನ ತರಲಾ ಅಂತ ಕೇಳಿದೆ. ನಮ್ಮ ಓಣಿಯ ಸುದ್ದಿ ಮಾತಾಡಿದೆವು. ರಾತ್ರಿ ಮಲಗುವ ಮುಂಚೆ, ಅಂಗಳದ ಗಿಡಕ್ಕೆ ನೀರು ಹಾಕಲು ಪಕ್ಕದ ಮನೆಯವರಿಗೆ ಹೇಳಿದ್ದೀಯಾ ಅಂದಳು. ನಾನು ಕೇಳಿದ ಅವಳ ಕೊನೆಯ ಮಾತುಗಳು ದಾಸವಾಳದ ಗಿಡದ ಬಗ್ಗೆ. ಬೆಳಿಗ್ಗೆ ನಾನು ಟೀ ತರಲು ಹೋಗಿದ್ದಾಗ ಅವಳನ್ನು ಕರೆದುಕೊಂಡು ಹೋಗಿಬಿಟ್ಟಿದ್ದರು.

ಊರಿಗೆ ಬಂದ ಮೇಲೆ ನಮ್ಮ ಶಾಲೆಯಿಂದ ಒಂದು ಸ್ಲೇಟು, ಬಳಪದ ಡಬ್ಬಿ ತೆಗೆದುಕೊಂಡು ಹೋಗಿ ಕೊಟ್ಟೆ. ಕತ್ತಿನ ರಂಧ್ರದ ಮೇಲೆ ತೆಳುವಾದ ಬಿಳಿ ಬಟ್ಟೆ ಕಟ್ಟಿಕೊಂಡಿರುತ್ತಿದ್ದಳು. ಉಸಿರಾಡಿದಾಗ ಬಟ್ಟೆ ಏಳುವುದು, ಇಳಿಯುವುದು. ಕೆಮ್ಮು ಬಂದರೆ ನನ್ನಿಂದ ಮುಖ ತಿರುಗಿಸುತ್ತಿದ್ದಳು. ದುಂಡಗಿನ, ಐದನೇ ಇಯತ್ತೆಯ ಅಕ್ಷರದಲ್ಲಿ ಬರೆಯುತ್ತಿದ್ದಳು. ಉಪ್ಪು ತಾ. ಬಾಗಿಲು ಹಾಕು. ಇಂಥವೇ. ಓಣಿಯವರು ಬರುವುದು ಕಡಿಮೆಯಾಯಿತು. ಮಾತಾಡದವಳ ಮುಂದೆ ಎಷ್ಟು ಹೊತ್ತು ಕೂರುವುದು ಅಂತ ಅವರಿಗೂ ತಿಳಿಯುತ್ತಿರಲಿಲ್ಲ. ಬಂದವರು ಅವಳಿಗೆ ಕಿವಿಯೂ ಹೋಗಿದೆ ಅನ್ನುವ ಹಾಗೆ ಜೋರಾಗಿ ಮಾತಾಡಿ ಎದ್ದುಬಿಡುತ್ತಿದ್ದರು.

ಮೂರು ತಿಂಗಳಾದ ಮೇಲೆ ಒಂದು ಭಾನುವಾರ ಕೇಳಿಯೇಬಿಟ್ಟೆ. ಉಳಿದೆರಡು ನುಡಿ ಬರೆದುಕೊಡು ಅಕ್ಕ, ಐದಿದ್ದವು ಅಂತ ಗೊತ್ತು ನನಗೆ, ಅಂದೆ. ಅವಳು ಬಳಪ ತೆಗೆದುಕೊಂಡು ನಿಧಾನವಾಗಿ ಬರೆದು ನನ್ನ ಕಡೆ ತಿರುಗಿಸಿದಳು:

"ಅವತ್ತು ನಿನಗೆ ಬ್ಯಾಡಾಗಿತ್ತು."

ನಾನು ಓದಿ ಮುಗಿಸುವುದರಲ್ಲಿ ಅಂಗೈಯಲ್ಲಿ ಒರೆಸಿ, ಅದರ ಮೇಲೆಯೇ "ಊಟ ಮಾಡು" ಅಂತ ಬರೆದಳು. ಎದ್ದು ತಟ್ಟೆ ಇಟ್ಟಳು. ಇಪ್ಪತ್ತು ವರ್ಷ ಆ ವಾಕ್ಯ ಅವಳೊಳಗೆ ಇತ್ತು. ನಾನು ಬಾಗಿ ಅವಳ ಕಾಲು ಹಿಡಿದೆ. ಅವಳು ಕಸಿವಿಸಿಯಿಂದ ನನ್ನ ಭುಜ ಹಿಡಿದು ಎಬ್ಬಿಸಿ, ನಗುವ ಹಾಗೆ ಮುಖ ಮಾಡಿದಳು. ನಕ್ಕರೆ ಕತ್ತಿನಲ್ಲಿ ಬರೀ ಗಾಳಿ ಸೀಟಿ ಹೊಡೆಯುವ ಸದ್ದು.

ಅವಳು ಸೇಡಿಟ್ಟುಕೊಂಡವಳಲ್ಲ ಅನ್ನುವುದು ಮುಂದಿನ ವಾರ ತಿಳಿಯಿತು. ಬಾ ಅಂತ ಭಾವನ ಕೈಲಿ ಫೋನು ಮಾಡಿಸಿದ್ದಳು. ನಾನು ಹೋಗುವಾಗ ಸ್ಲೇಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಮೊದಲ ನುಡಿಯನ್ನು ತುಟಿಯಲ್ಲೇ ಆಡಿಸುತ್ತ, ಮೊಣಕಾಲಿನ ಮೇಲೆ ಬೆರಳಲ್ಲಿ ತಾಳ ಹಾಕುತ್ತ ಹೊರಟಳು. ಎರಡನೆಯದು. ಮೂರನೆಯದು. ಅಲ್ಲಿ ಬೆರಳು ನಿಂತಿತು. ಮತ್ತೆ ಮೊದಲಿಂದ. ಮತ್ತೆ ಅಲ್ಲಿಗೇ ಬಂದು ನಿಂತಳು. ನಾಲ್ಕೈದು ಸಲ ಹೀಗೆ ಮಾಡಿ, ಹಣೆ ಉಜ್ಜಿಕೊಂಡು ಬರೆದಳು: "ದನಿ ಇಲ್ದೆ ಪದ ಬರವಲ್ದು."

ಅವಳ ಹಾಡುಗಳೆಲ್ಲ ರಾಗದ ಬೆನ್ನು ಹತ್ತಿಕೊಂಡು ಬರುತ್ತಿದ್ದವು. ಗುನುಗಿದರೆ ಮಾತ್ರ ಮುಂದಿನ ಸಾಲು. ಗುನುಗಲು ಅವಳಿಗೆ ಈಗ ಏನೂ ಉಳಿದಿರಲಿಲ್ಲ. ನಾನು ನನ್ನ ಕೆಟ್ಟ ದನಿಯಲ್ಲಿ ಮೂರೂ ನುಡಿ ಹಾಡಿ ತೋರಿಸಿದೆ, ಅದನ್ನು ಹಿಡಿದು ಮುಂದಕ್ಕೆ ಹೋಗಲಿ ಅಂತ. ನನ್ನ ರಾಗ ತಪ್ಪಿದ ಕಡೆಯಲ್ಲೆಲ್ಲ ಅವಳು ಮುಖ ಕಿವುಚಿದಳು. ಬೇಡ ಅಂತ ಕೈ ಆಡಿಸಿದಳು. ಆಮೇಲೆ ಅಳತೊಡಗಿದಳು. ಸದ್ದಿಲ್ಲದ ಅಳು ನೋಡುವುದು ಎಷ್ಟು ಕಷ್ಟ ಅನ್ನುವುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಬಿಳಿ ಬಟ್ಟೆ ಬೇಗಬೇಗ ಏಳುತ್ತಿತ್ತು, ಇಳಿಯುತ್ತಿತ್ತು. ನಾನು ಮಾಡಿದ್ದು ಎರಡನೆಯ ತಪ್ಪು. ಮೊದಲು ಹಾಡಬೇಡ ಅಂದೆ, ಈಗ ಹಾಡಲಾರದವಳನ್ನು ಹಾಡು ಅಂದೆ. ಆಮೇಲೆ ಅವಳ ಮುಂದೆ ಹಾಡಿನ ಸುದ್ದಿ ಎತ್ತಲಿಲ್ಲ.

ಹೋದ ವರ್ಷ ಗಡ್ಡೆ ಮತ್ತೆ ಬಂತು. ಈ ಸಲ ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಅಂದರು. ನಾನು ಶಾಲೆಯಲ್ಲಿ ಪರೀಕ್ಷೆಯ ಕೋಣೆಯಲ್ಲಿದ್ದಾಗ ಭಾವ ಫೋನು ಮಾಡಿದ್ದಾನೆ, ನಾನು ಫೋನನ್ನು ಆಫೀಸಿನಲ್ಲಿ ಬಿಟ್ಟಿದ್ದೆ. ಹೊಸದುರ್ಗ ಮುಟ್ಟುವ ಹೊತ್ತಿಗೆ ಅಕ್ಕನನ್ನು ಕೂರಿಸಿ, ವಿಭೂತಿ ಹಚ್ಚಿ, ಕತ್ತಿನ ಬಟ್ಟೆಯ ಮೇಲೆ ಹೂವಿನ ಹಾರ ಹಾಕಿದ್ದರು. ಅವಳ ಜೊತೆ ಸೊಲ್ಲು ಹಿಡಿಯುತ್ತಿದ್ದ ಹೆಂಗಸರಲ್ಲಿ ಇಬ್ಬರು ಮೂಲೆಯಲ್ಲಿ ಕೂತು ಭಜನೆ ಹೇಳುತ್ತಿದ್ದರು. ಇಬ್ಬರೂ ಅಕ್ಕನ ಗುಂಪಿಗೆ ಆಮೇಲೆ ಸೇರಿದವರು, ನನ್ನ ಮದುವೆಗೆ ಇದ್ದವರಲ್ಲ. ಕೇಳಿದರೆ, ಆ ಹಾಡು ನಾವು ಕೇಳೇ ಇಲ್ಲವಲ್ಲ ಟೀಚರಮ್ಮ ಅಂದರು. ನನ್ನ ಮದುವೆಯಲ್ಲಿ ಸೊಲ್ಲು ಹಿಡಿದ ಒಬ್ಬಾಕೆ ಮಾತ್ರ ಬದುಕಿದ್ದಾಳೆ, ಹಿರಿಯೂರಿನಲ್ಲಿ ಮಗಳ ಮನೆಯಲ್ಲಿ ಇದ್ದಾಳೆ ಅಂತ ಅವರೇ ಹೇಳಿದರು.

ತಿಂಗಳು ಕಳೆದ ಮೇಲೆ ಹಿರಿಯೂರಿಗೆ ಹೋದೆ. ಆಕೆಗೆ ಎಂಬತ್ತರ ಹತ್ತಿರ. ಕಿವಿ ಮಂದ, ನೆನಪು ಚೆನ್ನಾಗಿತ್ತು. ನನ್ನನ್ನು ಗುರುತಿಸಿದಳು, ಅಕ್ಕನ ಸುದ್ದಿ ಕೇಳಿ ಕಣ್ಣೊರೆಸಿಕೊಂಡಳು. ನಾನು ಕಿವಿಯ ಹತ್ತಿರ ಬಾಯಿಟ್ಟು ಹಾಡಿನ ಬಗ್ಗೆ ಕೇಳಿದೆ. ನೆನಪೈತೆ ಅಂದಳು. ನಾಲ್ಕನೆಯ ನುಡಿ ಅತ್ತೆಯ ಮನೆಯ ಬಗ್ಗೆ ನಗಾಡಿಸುವಂಥದ್ದು, ಅಭ್ಯಾಸ ಮಾಡುವಾಗ ನಾವೆಲ್ಲ ಬಿದ್ದು ಬಿದ್ದು ನಗುತ್ತಿದ್ದೆವು ಅಂದಳು. ಪದಗಳು ಬರಲಿಲ್ಲ. ಸೌಟು ಅಂತ ಒಂದು ಮಾತಿತ್ತು ಅನ್ನುವುದಷ್ಟೇ ಬಂತು. ಐದನೆಯದು? ಅಂತ ಕೇಳಿದೆ.

"ಅದನ್ನ ನಮಗೂ ಹೇಳ್ಲಿಲ್ಲವ್ವ. ಅದಕ್ಕೆ ಸೊಲ್ಲು ಬ್ಯಾಡ, ಅದು ತಂಗಿ ಒಬ್ಬಳಿಗೇ ಹೇಳೋದು ಅಂದಿದ್ಲು."

ಆಕೆಯ ಮಗಳು ಟೀ ತಂದಳು, ಕುಡಿದೆ. ಇನ್ನೂ ಸ್ವಲ್ಪ ಹೊತ್ತು ಕೂತಿದ್ದು, ಬರುತ್ತೇನೆ ಅಂತ ಎದ್ದೆ. ಚಿತ್ರದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಹೊಳಲ್ಕೆರೆಯ ಎರಡು ಬಸ್ಸು ಕಣ್ಣ ಮುಂದೆಯೇ ಹೋದವು. ಮೂರನೆಯದಕ್ಕೆ ಹತ್ತಿದೆ.

ನನ್ನ ಜೊತೆ ಕೆಲಸ ಮಾಡುವ ಕನ್ನಡ ಮೇಷ್ಟರಿಗೆ ಈ ವಿಷಯ ಒಮ್ಮೆ ಹೇಳಿಕೊಂಡಿದ್ದೆ. ಪಾಪ, ಅವರು ಶ್ರಮಪಟ್ಟು ಎರಡು ನುಡಿ ಬರೆದು ತಂದುಕೊಟ್ಟರು. ಚೆನ್ನಾಗಿದ್ದವು, ರಾಗಕ್ಕೂ ಕೂಡುತ್ತಿದ್ದವು. ಕೈ ಮುಗಿದು ಇಸಕೊಂಡೆ. ಮನೆಗೆ ಬಂದು ಒಲೆಗೆ ಹಾಕಿದೆ. ಯಾರೇ ಬರೆದರೂ ಅದು ಬೇರೆಯವರು ನನಗೆ ಹೇಳುವ ಮಾತು.

ಆ ಐದನೆಯದರಲ್ಲಿ ಏನಿತ್ತು ಅಂತ ಯೋಚಿಸದ ದಿನವಿಲ್ಲ. ಹೋಗಿ ಬಾ ಅಂತಿತ್ತೋ, ಹೋಗಬೇಡ ಅಂತಿತ್ತೋ. ಮೂರು ದಿನದ ಮಗುವನ್ನು ಕಳೆದುಕೊಂಡು ಗೋಡೆ ನೋಡುತ್ತಿದ್ದಾಗ ನನಗೆ ಬೇಕಾಗಿದ್ದ ಮಾತೇ ಅಲ್ಲಿತ್ತೋ ಏನೋ. ಏನೂ ಇಲ್ಲದೆ ಸುಮ್ಮನೆ ಒಂದು ಹಾರೈಕೆಯೂ ಆಗಿರಬಹುದು. ಮಗಳು ಕೇಳುತ್ತಾಳೆ, ಅಷ್ಟು ನೋವಾಗುವ ಹಾಡನ್ನು ಯಾಕಮ್ಮ ದಿನಾ ಅಂದುಕೊಳ್ಳುತ್ತೀಯ, ಬಿಟ್ಟುಬಿಡು ಅಂತ. ಬಿಡಲು ನೋಡಿದ್ದೇನೆ, ಆಗುವುದಿಲ್ಲ. ಇಡೀ ಜಗತ್ತಿನಲ್ಲಿ ನನ್ನ ಸಲುವಾಗಿ ಹುಟ್ಟಿದ್ದು ಅದೊಂದೇ ಹಾಡು. ಅದರಲ್ಲಿ ಅರ್ಧವನ್ನು ನಾನೇ ಹೊಸಕಿದೆ. ಉಳಿದದ್ದನ್ನೂ ನನ್ನ ರಾಗ ಕೆಡಿಸುತ್ತಿದೆ. ಈಚೆಗೆ ಎರಡನೆಯ ನುಡಿಯ ಏರಿಳಿತ ಅಕ್ಕ ಹಾಡುತ್ತಿದ್ದ ಹಾಗೇ ಇದೆಯೋ, ನಾನು ಹಾಡಿ ಹಾಡಿ ಬೇರೆಯಾಯಿತೋ ಅನ್ನುವ ಅನುಮಾನ ಬರುತ್ತದೆ. ತಪ್ಪಿದ್ದರೆ ಇಲ್ಲಿ ತಪ್ಪಿತು ಅಂತ ಹೇಳುವವರು ಯಾರೂ ಇಲ್ಲ.